ಗಾಜಿನ ತೊಟ್ಟಿಯ ನೀರು: ಶ್ರಾವಕನ ಮುಂದಿರುವ ಒಂದು ಧರ್ಮಪ್ರಶ್ನೆ



ನಮ್ಮ ಶ್ರಾವಕರ ಕೆಲವು ಮನೆಗಳಲ್ಲಿ ಇಂದು ಮೀನು ಸಾಕುವ ಗಾಜಿನ ತೊಟ್ಟಿ ಕಾಣಸಿಗುತ್ತದೆ. ಮಕ್ಕಳ ಹಟಕ್ಕೆ ಮಣಿದು ತಂದದ್ದೋ, ಗೃಹಪ್ರವೇಶದಲ್ಲಿ ಯಾರೋ ಉಡುಗೊರೆಯಾಗಿ ಕೊಟ್ಟದ್ದೋ, ಅಂತೂ ಮನೆ ಸೇರಿದೆ. ನಾಲ್ಕಾರು ಹೊಂಬಣ್ಣದ ಮೀನುಗಳು ಅದರಲ್ಲಿ ಸುತ್ತುತ್ತಿರುತ್ತವೆ. ಅವುಗಳೊಡನೆ ಒಂದು ಪ್ರಶ್ನೆಯೂ ಮನೆಯೊಳಗೆ ಬಂದಿದೆ. ಆ ತೊಟ್ಟಿಯ ನೀರನ್ನು ಆಗಾಗ ಬದಲಾಯಿಸಬೇಕು. ಬದಲಾಯಿಸಿದರೆ ಅಪ್ಕಾಯಿಕ ಜೀವಗಳಿಗೂ ನೀರಿನಲ್ಲಿ ಹುಟ್ಟಿದ ಸಣ್ಣ ತ್ರಸಜೀವಗಳಿಗೂ ವಿರಾಧನೆಯಾಗುತ್ತದೆ. ಬದಲಾಯಿಸದಿದ್ದರೆ ಕಣ್ಣೆದುರಿನ ಪಂಚೇಂದ್ರಿಯ ಜೀವವೇ ನರಳುತ್ತದೆ. ಅಷ್ಟಮಿ, ಚತುರ್ದಶಿಗಳಲ್ಲಿ ಪ್ರೋಷಧೋಪವಾಸವನ್ನು ಹಿಡಿದು ಆರಂಭವನ್ನು ತೊರೆದು ಕುಳಿತ ಗೃಹಸ್ಥನು ಆ ದಿನ ತೊಟ್ಟಿಯ ಬಳಿ ಸುಳಿಯಬೇಕೇ, ಬೇಡವೇ? ಇದು ಕೇವಲ ಮನೆಗೆಲಸದ ಮಾತಲ್ಲ. ನನ್ನ ವ್ರತದ ಭಾರವನ್ನು ಇನ್ನೊಂದು ಜೀವದ ಮೇಲೆ ಹೊರಿಸುವ ಅಧಿಕಾರ ನನಗಿದೆಯೇ ಎಂಬುದೇ ಇಲ್ಲಿ ನಿಜವಾಗಿ ವಿಚಾರಿಸಬೇಕಾದದ್ದು.

ಮೊದಲಿಗೆ ನೀರಿನಲ್ಲಿ ನಡೆಯುವುದೇನು ಎಂಬುದನ್ನು ತಿಳಿದುಕೊಳ್ಳೋಣ. ವಸ್ತುಸ್ವರೂಪವನ್ನು ಅರಿಯದೆ ಮಾಡಿದ ದಯೆ ಎಷ್ಟೋ ವೇಳೆ ಹಿಂಸೆಯಾಗಿಯೇ ಪರಿಣಮಿಸುತ್ತದೆ.

ಮೀನು ತನ್ನ ದೇಹದ ಮಲಿನಾಂಶದ ಹೆಚ್ಚಿನ ಭಾಗವನ್ನು ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರವೂ ಕೊಳೆತು ಅಮೋನಿಯಾ ಆಗುತ್ತದೆ. ಇದು ಮೀನಿಗೆ ವಿಷ. ತೊಟ್ಟಿಯ ತಳದ ಸಣ್ಣಕಲ್ಲುಗಳ ಮೇಲೂ ನೀರು ಶುದ್ಧಿಮಾಡುವ ಯಂತ್ರದ ಸ್ಪಂಜಿನಲ್ಲೂ ನೆಲೆಸಿರುವ ಸೂಕ್ಷ್ಮಾಣುಜೀವಿಗಳು ಈ ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದೂ ವಿಷವೇ. ಬೇರೆ ಬಗೆಯ ಸೂಕ್ಷ್ಮಾಣುಗಳು ಅದನ್ನು ನೈಟ್ರೇಟ್ ಆಗಿ ಮಾಡುತ್ತವೆ. ನೈಟ್ರೇಟ್ ಅಷ್ಟು ಉಗ್ರವಲ್ಲವಾದರೂ ದಿನದಿನಕ್ಕೆ ಕೂಡಿಕೊಳ್ಳುತ್ತಾ ಹೋಗುತ್ತದೆ. ಹೊಳೆಯಲ್ಲಾದರೆ ಹರಿವು ಅದನ್ನು ಒಯ್ಯುತ್ತದೆ. ಕೆರೆಯಲ್ಲಾದರೆ ಜಲಸಸ್ಯಗಳು ಹೀರಿಕೊಳ್ಳುತ್ತವೆ, ಮಳೆನೀರು ತಿಳಿಗೊಳಿಸುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಹರಿವಿಲ್ಲ, ಮಳೆಯಿಲ್ಲ. ಇರುವ ಒಂದೆರಡು ಗಿಡಗಳಿಗೆ ಅಷ್ಟು ಶಕ್ತಿಯಿಲ್ಲ. ಅಲ್ಲಿ ನೀರನ್ನು ಹೊರತೆಗೆದು ಹೊಸ ನೀರು ಹಾಕುವ ಮನುಷ್ಯನ ಕೈಯೇ ಹೊಳೆ, ಆ ಕೈಯೇ ಮಳೆ.

ಆವಿಯಾಗಿ ಇಳಿದ ನೀರಿಗೆ ಮೇಲೆ ಮೇಲೆ ಸುರಿದು ತುಂಬಿಸಿದರೆ ಸಾಲದೇ ಎಂದು ಕೆಲವರು ಕೇಳುವುದುಂಟು. ಸಾಲದು. ಆವಿಯಾಗುವುದು ನೀರು ಮಾತ್ರ. ಲವಣವೂ ಮಲಿನಾಂಶವೂ ತೊಟ್ಟಿಯಲ್ಲೇ ಉಳಿಯುತ್ತವೆ. ಒಳಗಿನ ಕಷಾಯವನ್ನು ಕಡಿಮೆಮಾಡದೆ ಹೊರಗೆ ಉಪವಾಸಗಳ ಸಂಖ್ಯೆಯನ್ನು ಮಾತ್ರ ಹೆಚ್ಚಿಸಿಕೊಂಡಂತೆ ಇದು.

ಇನ್ನು ಕೆಲವರು ತಿಂಗಳುಗಟ್ಟಲೆ ಸುಮ್ಮನಿದ್ದು, ಒಂದು ದಿನ ತೊಟ್ಟಿಯನ್ನು ಪೂರ್ತಿ ಬರಿದುಮಾಡಿ, ಕಲ್ಲುಗಳನ್ನು ಉಜ್ಜಿ ತೊಳೆದು, ನಲ್ಲಿಯ ನೀರನ್ನು ನೇರವಾಗಿ ತುಂಬುತ್ತಾರೆ. ಎರಡು ದಿನದಲ್ಲಿ ಮೀನು ಸತ್ತಾಗ ಆಯುಷ್ಯ ತೀರಿತೆಂದು ಸಮಾಧಾನ ಹೇಳಿಕೊಳ್ಳುತ್ತಾರೆ. ಆಯುಃಕರ್ಮದ ಮಾತು ಸತ್ಯವೇ. ಆದರೆ ನಿಮಿತ್ತ ಯಾರು? ಬಹುಕಾಲ ಬದಲಾಗದ ನೀರು ಕ್ರಮೇಣ ಆಮ್ಲೀಯವಾಗುತ್ತದೆ. ಆ ಸ್ಥಿತಿಯಲ್ಲಿ ಅಮೋನಿಯಾ ಹೆಚ್ಚಾಗಿ ಸೌಮ್ಯರೂಪದಲ್ಲಿರುತ್ತದೆ. ಕ್ಷಾರಗುಣದ ಹೊಸ ನೀರು ಒಮ್ಮೆಗೇ ಬಂದು ಸೇರಿದಾಗ ಅಲ್ಲಿ ಉಳಿದಿದ್ದ ಅಮೋನಿಯಾ ಉಗ್ರರೂಪಕ್ಕೆ ತಿರುಗುತ್ತದೆ. ನಲ್ಲಿ ನೀರಿನ ಕ್ಲೋರಿನ್ ಕಿವಿರನ್ನು ಸುಡುತ್ತದೆ. ವಿಷವನ್ನು ಕರಗಿಸುತ್ತಿದ್ದ ಸೂಕ್ಷ್ಮಾಣುಗಳನ್ನೂ ಕೊಲ್ಲುತ್ತದೆ. ಹೀಗೆ ಆಲಸ್ಯದಿಂದ ಒಂದು ಹಿಂಸೆ, ಅವಸರದಿಂದ ಇನ್ನೊಂದು ಹಿಂಸೆ. ಎರಡಕ್ಕೂ ಶಾಸ್ತ್ರದಲ್ಲಿ ಒಂದೇ ಹೆಸರುಂಟು: ಪ್ರಮಾದ.

ಈಗ ಶಾಸ್ತ್ರದ ದೃಷ್ಟಿಯಿಂದ ನೋಡೋಣ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣವಿಯೋಗಕ್ಕಿಂತ ಮುಂಚೆ ಪ್ರಮಾದಯೋಗವನ್ನು ಇಟ್ಟಿದ್ದಾರೆ. ಅದೇ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಜೀವಿಯು ತನಗೆ ಇಷ್ಟವಾದ ಎಡೆಗೆ ಹೋಗದಂತೆ ತಡೆಯುವುದೇ ಬಂಧವೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಹಗ್ಗದಿಂದ ಕಟ್ಟಿದರೆ ಮಾತ್ರ ಬಂಧವಲ್ಲ. ಗಾಜಿನ ನಾಲ್ಕು ಗೋಡೆಗಳೂ ಬಂಧವೇ. ಹಗ್ಗ ಕಣ್ಣಿಗೆ ಕಾಣುತ್ತದೆ, ಗಾಜು ಕಾಣುವುದಿಲ್ಲ, ಅಷ್ಟೇ ಭೇದ. ಆದುದರಿಂದ ನೀರು ಬದಲಾಯಿಸಬೇಕೇ ಬೇಡವೇ ಎಂಬ ಪ್ರಶ್ನೆ ಹುಟ್ಟುವ ಮೊದಲೇ, ತೊಟ್ಟಿಯನ್ನು ಮನೆಗೆ ತಂದ ದಿನವೇ ಅತಿಚಾರದ ಬಾಗಿಲು ತೆರೆದಿದೆ. ಅದನ್ನು ಮರೆತು ಒಂದು ಕೊಡ ನೀರಿನ ವಿರಾಧನೆಯನ್ನು ಮಾತ್ರ ಲೆಕ್ಕಹಾಕುವುದು ಸಾಲದ ಅಸಲನ್ನು ಬಿಟ್ಟು ಬಡ್ಡಿಯ ಪೈಸೆಯನ್ನು ಎಣಿಸಿದಂತೆ.

ಮೀನಿಗೆ ಅಷ್ಟೆಲ್ಲ ತಿಳಿಯುವುದೇ ಎಂದು ಹಗುರವಾಗಿ ಕೇಳುವವರಿದ್ದಾರೆ. ಮಹಾಮತ್ಸ್ಯದ ಕಿವಿಯಲ್ಲಿ ವಾಸಿಸುತ್ತಿದ್ದ ತಂದುಲಮತ್ಸ್ಯದ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. ಅಕ್ಕಿಯ ಕಾಳಿನಷ್ಟಿದ್ದ ಆ ಮೀನು ಒಂದು ಜೀವವನ್ನೂ ತಿನ್ನದೆ, ಮನಸ್ಸಿನ ದುಷ್ಟ ಸಂಕಲ್ಪವೊಂದರಿಂದಲೇ ನರಕಕ್ಕೆ ಇಳಿಯಿತು. ಮೀನಿಗೂ ಮನಸ್ಸುಂಟೆಂದು ಆಚಾರ್ಯರು ಒಪ್ಪಿದುದರಿಂದಲೇ ಆ ಕಥೆಗೆ ಅರ್ಥ ಬಂದಿದೆ. ವಿಜ್ಞಾನವೂ ತಡವಾಗಿ ಇದೇ ದಿಕ್ಕಿಗೆ ನಡೆದಿದೆ. 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಅವರ ಸಹೋದ್ಯೋಗಿಗಳು ಟ್ರೌಟ್ ಎಂಬ ಮೀನಿನ ತಲೆಯ ಭಾಗದಲ್ಲಿ ನೋವುಂಟುಮಾಡುವ ಆಘಾತವನ್ನು ಗ್ರಹಿಸುವ ನರತಂತುಗಳಿರುವುದನ್ನು ಪ್ರಯೋಗದಿಂದ ತೋರಿಸಿದರು. ಮೀನು ಕೂಗುವುದಿಲ್ಲ, ಕೂಗದ ಜೀವದ ನೋವನ್ನು ಅರಿಯುವುದೇ ದಯೆಯ ನಿಜವಾದ ಪರೀಕ್ಷೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. "ನಾನು ಏನನ್ನೂ ಮಾಡದೆ ಸುಮ್ಮನಿದ್ದೆ. ಮಾಡದವನಿಗೆ ಪಾಪವೆಲ್ಲಿ?" ಎಂದು. ಕಾಡಿನ ಕೊಳವೊಂದರಲ್ಲಿ ಬೇಸಗೆಗೆ ನೀರು ಬತ್ತಿ ಮೀನು ಸತ್ತರೆ ಊರಿನ ಶ್ರಾವಕನಿಗೆ ಅದರ ಹೊಣೆಯಿಲ್ಲ, ನಿಜ. ಆದರೆ ಇನ್ನೆಲ್ಲ ಆಶ್ರಯಗಳನ್ನೂ ಕಡಿದುಹಾಕಿ, ತನ್ನೊಬ್ಬನನ್ನೇ ಆಶ್ರಯವಾಗಿ ಉಳಿಸಿಕೊಂಡವನು ಸುಮ್ಮನಿದ್ದರೆ ಅದು ನಿವೃತ್ತಿಯಲ್ಲ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡವನು "ನಾನು ಯಾರನ್ನೂ ಮುಟ್ಟಲಿಲ್ಲ" ಎಂದರೆ ಯಾರು ನಂಬುತ್ತಾರೆ? ಅನ್ನಪಾನನಿರೋಧವು ಅತಿಚಾರವಾದುದು ಈ ಕಾರಣದಿಂದಲೇ. ಕಟ್ಟಿದ ಹಸುವಿಗೆ ಹುಲ್ಲು ಹಾಕದಿರುವುದು ಹೇಗೋ, ತೊಟ್ಟಿಯ ಮೀನಿಗೆ ಉಸಿರಾಡಲು ಯೋಗ್ಯವಾದ ನೀರನ್ನು ಕೊಡದಿರುವುದೂ ಹಾಗೆಯೇ. ಮೀನಿಗೆ ನೀರು ಕೇವಲ ಪಾನವಲ್ಲ. ಅದೇ ಅದರ ಗಾಳಿ, ಅದೇ ಅದರ ಮನೆ.

ವ್ರತದಿನದ ಪ್ರಶ್ನೆಗೆ ಬರೋಣ. ಪ್ರೋಷಧೋಪವಾಸದಂದು ಪಂಚಪಾಪಗಳನ್ನೂ ಅಲಂಕಾರ, ಆರಂಭ, ಗಂಧ, ಪುಷ್ಪ, ಸ್ನಾನಾದಿಗಳನ್ನೂ ಬಿಡಬೇಕೆಂದು ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ಬಿಡಬೇಕಾದ ಆ ಪಟ್ಟಿಯನ್ನು ಗಮನಿಸಿ ನೋಡಿದರೆ ಅದೆಲ್ಲವೂ ಒಬ್ಬನ ಸ್ವಂತ ಭೋಗಕ್ಕೂ ದೇಹಸುಖಕ್ಕೂ ಸಂಬಂಧಪಟ್ಟದ್ದು. ಉಪವಾಸವೆಂದರೆ ತನ್ನ ಆತ್ಮದ ಸಮೀಪದಲ್ಲಿ ವಾಸಿಸುವುದು. ಇನ್ನೊಬ್ಬರನ್ನು ಹಸಿವಿನ ಸಮೀಪದಲ್ಲಿ ವಾಸಿಸುವಂತೆ ಮಾಡುವುದಲ್ಲ. ತಾಯಿ ಉಪವಾಸವಿದ್ದ ದಿನ ತೊಟ್ಟಿಲ ಮಗುವಿಗೆ ಹಾಲು ತಪ್ಪಿಸುವ ಪದ್ಧತಿ ನಮ್ಮ ಯಾವ ಮನೆಯಲ್ಲೂ ಇಲ್ಲ. ವ್ರತವನ್ನು ಸ್ವೀಕರಿಸಿದವನು ತಾನು. ತಾನೇ ಅದನ್ನು ಹೊರಬೇಕು.

ಹಾಗೆಂದು ಪರ್ವದಿನದಲ್ಲಿ ಕೊಡ ಹಿಡಿದು ಓಡಾಡಬೇಕೆಂದು ಅರ್ಥವಲ್ಲ. ನೀರಿನ ಬದಲಾವಣೆಗೆ ತಿಥಿಯ ಕಟ್ಟಿಲ್ಲ. ಒಂದೆರಡು ದಿನ ಹಿಂದುಮುಂದಾದರೆ ಕೇಡಿಲ್ಲ. ಸಪ್ತಮಿಯಂದು ಅಥವಾ ತ್ರಯೋದಶಿಯಂದು ಹಗಲಿನಲ್ಲಿಯೇ ಈ ಕೆಲಸವನ್ನು ಮುಗಿಸಿಕೊಂಡರೆ ಮರುದಿನದ ಉಪವಾಸಕ್ಕೆ ಅಡ್ಡಿಯಿಲ್ಲ. ಆರೋಗ್ಯವಾಗಿರುವ ದೊಡ್ಡ ಮೀನು ಒಂದು ದಿನ ಆಹಾರವಿಲ್ಲದೆ ಇರಬಲ್ಲದು. ಅದು ಅದರ ದೇಹಧರ್ಮ, ನಮ್ಮ ವ್ರತದ ಪುಣ್ಯವಲ್ಲ. ಆದರೆ ಪರ್ವದಿನದಂದೇ ಮೀನುಗಳು ಮೇಲ್ಮೈಗೆ ಬಂದು ಬಾಯಿತೆರೆದು ಏದುಸಿರು ಬಿಡುತ್ತಿದ್ದರೆ ಏನು ಗತಿ? ಆಳನ್ನು ಕರೆದು ಮಾಡಿಸಿದರೆ ದೋಷ ತಪ್ಪಿತೆಂದು ತಿಳಿಯುವುದು ತಪ್ಪು. ಕೃತ, ಕಾರಿತ, ಅನುಮೋದನ ಮೂರಕ್ಕೂ ಫಲವುಂಟು. ನನ್ನ ಅಲ್ಪಮತಿಗೆ ತೋರುವಂತೆ, ಅಂತಹ ಸಂದರ್ಭದಲ್ಲಿ ತಾನೇ ಎದ್ದು, ಯತ್ನಾಚಾರದಿಂದ ಆ ಜೀವದ ಕಷ್ಟವನ್ನು ನೀಗಿಸಿ, ಬಳಿಕ ಗುರುಗಳ ಸನ್ನಿಧಿಯಲ್ಲಿ ಆಲೋಚನೆ ಮಾಡಿಕೊಳ್ಳುವುದೇ ಮೇಲು. ಉಪವಾಸವನ್ನು ಉಳಿಸಿಕೊಂಡು ದಯೆಯನ್ನು ಕಳೆದುಕೊಂಡವನು ಸಿಪ್ಪೆಯನ್ನು ಕಾಪಾಡಿ ತಿರುಳನ್ನು ಎಸೆದವನಾಗುತ್ತಾನೆ.

ಈ ಕೆಲಸದಲ್ಲಿ ಯತ್ನಾಚಾರವೆಂದರೆ ಏನೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಮೇಲೆ ಹೇಳಿದ ಅಳತೆಯ ತೊಟ್ಟಿಯಲ್ಲಿ ಕಲ್ಲುಗಳನ್ನೂ ಮೇಲಿನ ಖಾಲಿ ಜಾಗವನ್ನೂ ಕಳೆದರೆ ಸುಮಾರು 45 ಲೀಟರ್ ನೀರಿರುತ್ತದೆ. ವಾರಕ್ಕೊಮ್ಮೆ ಅದರ ನಾಲ್ಕನೆಯ ಒಂದು ಭಾಗ, ಅಂದರೆ ಸುಮಾರು 11 ಲೀಟರ್ ಬದಲಾಯಿಸಿದರೆ ಸಾಕು. ಅದು ಒಂದು ಬಕೆಟ್ಟಿಗಿಂತ ಹೆಚ್ಚಿಲ್ಲ. ಮೀನುಗಳು ಕಡಿಮೆಯಿದ್ದು ಆಹಾರವನ್ನು ಮಿತವಾಗಿ ಹಾಕಿದರೆ ನೀರು ಕೆಡುವುದೂ ನಿಧಾನ. ಆಹಾರದ ಮಿತಿಯಿಂದ ಜಲದ ವಿರಾಧನೆಯೂ ಕಡಿಮೆಯಾಗುತ್ತದೆಂಬುದು ಊನೋದರ ತಪವನ್ನು ಬಲ್ಲ ನಮಗೆ ಹೊಸದಲ್ಲ.

ಹಾಕಬೇಕಾದ ನೀರನ್ನು ಹಿಂದಿನ ದಿನವೇ ಅಗಲಬಾಯಿಯ ಪಾತ್ರೆಯಲ್ಲಿ ತುಂಬಿ, ಸೊಳ್ಳೆ ಮೊಟ್ಟೆಯಿಡದಂತೆ ತೆಳುವಾದ ಬಟ್ಟೆಯನ್ನು ಕಟ್ಟಿಡಬೇಕು. ಒಂದು ದಿನದಲ್ಲಿ ಸಾಮಾನ್ಯ ಕ್ಲೋರಿನ್ ಗಾಳಿಗೆ ಹಾರಿಹೋಗುತ್ತದೆ. ಕೆಲವು ನಗರಗಳಲ್ಲಿ ಕ್ಲೋರಿನ್ನಿಗೆ ಬದಲಾಗಿ ಬಳಸುವ ಕ್ಲೋರಮಿನ್ ಹಾಗೆ ಹೋಗುವುದಿಲ್ಲ. ಅಂತಹ ಕಡೆ ಅದಕ್ಕೆಂದೇ ಅಂಗಡಿಯಲ್ಲಿ ದೊರೆಯುವ ಔಷಧವನ್ನು ಹಾಕಬೇಕು. ಸೋಸಿದ ನೀರಿನ ಮರ್ಯಾದೆ ಎರಡು ಘಳಿಗೆ, ಅಂದರೆ 48 ನಿಮಿಷಗಳು ಮಾತ್ರವೆಂಬುದು ನಮಗೆ ಗೊತ್ತೇ ಇದೆ. ಆದುದರಿಂದ ಹಿಂದಿನ ದಿನ ಸೋಸಿದ್ದರೂ ತೊಟ್ಟಿಗೆ ಹಾಕುವ ಮುನ್ನ ಮತ್ತೊಮ್ಮೆ ಎರಡು ಮಡಿಕೆಯ ದಪ್ಪಬಟ್ಟೆಯಿಂದ ಸೋಸಬೇಕು.

ವ್ರತಿಗಳಿಗಾಗಿ ಸಿದ್ಧಪಡಿಸಿದ ಪ್ರಾಸುಕ ನೀರನ್ನೇ ಮೀನಿಗೂ ಹಾಕಿದರೆ ಇನ್ನೂ ಶುದ್ಧವಲ್ಲವೇ ಎಂದು ಕೇಳುವ ಮುಗ್ಧರಿದ್ದಾರೆ. ಎಚ್ಚರಿಕೆ. ಕಾಯಿಸಿದ ನೀರಿನಲ್ಲಿ ಕರಗಿದ ಪ್ರಾಣವಾಯು ಬಹಳ ಕಡಿಮೆ. ಅದನ್ನು ಆರಿಸಿ, ಗಾಳಿಯೊಡನೆ ಚೆನ್ನಾಗಿ ಕಲಕದೆ ಹಾಕಬಾರದು. ಲವಂಗ ಹಾಕಿ ಪ್ರಾಸುಕ ಮಾಡಿದ ನೀರಂತೂ ಸರ್ವಥಾ ಕೂಡದು. ಲವಂಗದ ಎಣ್ಣೆ ಮೀನಿಗೆ ಮತ್ತು ಬರಿಸುವ ದ್ರವ್ಯ. ಮೀನುಗಳಿಗೆ ಅರಿವಳಿಕೆ ಕೊಡಲು ಅದನ್ನೇ ಬಳಸುತ್ತಾರೆ, ಪ್ರಮಾಣ ಹೆಚ್ಚಿದರೆ ಸಾಯುತ್ತವೆ. ಬೂದಿ ಬೆರೆತ ನೀರಿನ ಕ್ಷಾರವೂ ಅಪಾಯಕರ. ನಮ್ಮ ಶುದ್ಧಿ ಇನ್ನೊಂದು ಜೀವಕ್ಕೆ ವಿಷವಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ವಸ್ತುವನ್ನು ಒಂದೇ ಕಡೆಯಿಂದ ನೋಡಬಾರದೆಂದು ಅನೇಕಾಂತವು ನಮಗೆ ಕಲಿಸಿದ್ದು ವಾದಮಂಟಪಕ್ಕೆ ಮಾತ್ರವಲ್ಲ, ನೀರಿನ ಕೊಡಕ್ಕೂ ಅನ್ವಯಿಸುತ್ತದೆ.

ಹಳೆಯ ನೀರನ್ನು ಹಗಲಿನ ಬೆಳಕಿನಲ್ಲಿಯೇ ತೆಗೆಯಬೇಕು. ಕೊಳವೆಯ ಬಾಯಿಗೆ ತೆಳುಬಟ್ಟೆ ಕಟ್ಟಿದರೆ ಮರಿಮೀನುಗಳು ಸೆಳೆತಕ್ಕೆ ಸಿಕ್ಕುವುದಿಲ್ಲ. ಮೀನನ್ನು ಕೈಯಿಂದ ಹಿಡಿದು ಬೇರೆ ಪಾತ್ರೆಗೆ ಹಾಕುವ ಅಗತ್ಯವೇ ಇಲ್ಲ; ಹಿಡಿದರೆ ಅದರ ಮೈಮೇಲಿನ ರಕ್ಷಣೆಯ ಲೋಳೆ ಕಳಚುತ್ತದೆ. ಯಂತ್ರದ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯದೆ, ಹೊರತೆಗೆದ ಹಳೆಯ ನೀರಿನಲ್ಲಿಯೇ ಮೆಲ್ಲನೆ ಹಿಂಡಬೇಕು. ಅದರಲ್ಲಿರುವ ಉಪಕಾರಿ ಸೂಕ್ಷ್ಮಾಣುಗಳು ಉಳಿದರೆ ಮೀನೂ ಉಳಿಯುತ್ತದೆ. ಹೊಸ ನೀರು ತೊಟ್ಟಿಯ ನೀರಿನಷ್ಟೇ ಬಿಸಿಯೋ ತಂಪೋ ಇರುವಂತೆ ನೋಡಿಕೊಂಡು ನಿಧಾನವಾಗಿ ಸುರಿಯಬೇಕು.

ಇನ್ನು ತೆಗೆದ ನೀರು. ಜಲಗಾಲನದಲ್ಲಿ ಬಟ್ಟೆಯ ಮೇಲೆ ಉಳಿದ ಜೀವಗಳನ್ನು ಅವು ಬಂದ ಜಲಾಶಯಕ್ಕೇ ಮರಳಿ ಸೇರಿಸಬೇಕೆಂಬುದು ನಮ್ಮ ಹಿರಿಯರ ಕಟ್ಟಳೆ. ಬಾವಿಯ ಜೀವ ಬಾವಿಗೆ, ಕೆರೆಯ ಜೀವ ಕೆರೆಗೆ. ಇಲ್ಲಿ ಜಲಾಶಯ ಯಾವುದು? ಆ ತೊಟ್ಟಿಯೇ. ಆದುದರಿಂದ ತೆಗೆದ ನೀರನ್ನು ಒಮ್ಮೆ ಬಟ್ಟೆಯಲ್ಲಿ ಸೋಸಿ, ಉಳಿದ ಸಣ್ಣ ಶಂಖುಗಳನ್ನೂ ಹುಳುಗಳನ್ನೂ ತೊಟ್ಟಿಯ ನೀರಿಗೇ ಮೆಲ್ಲನೆ ಬಿಟ್ಟು, ಸೋಸಿದ ನೀರನ್ನು ಗಿಡಗಳ ಬುಡಕ್ಕೆ ಹಾಕಬಹುದು. ಮೀನಿಗೆ ಕೇಡಾದ ನೈಟ್ರೇಟ್ ಗಿಡಕ್ಕೆ ಪೋಷಕ. ಆ ನೀರನ್ನು ಕೆರೆಗೋ ಬಾವಿಗೋ ಸುರಿಯಬಾರದು. ಅದರಲ್ಲಿ ಪರಸ್ಥಳದ ಜೀವಗಳೂ ರೋಗಗಳೂ ಇರಬಹುದು.

"ಇಷ್ಟೆಲ್ಲ ತೊಡಕೇಕೆ? ಮೀನುಗಳನ್ನು ಕೆರೆಗೆ ಬಿಟ್ಟು ಅಭಯದಾನದ ಪುಣ್ಯ ಪಡೆಯೋಣ" ಎನ್ನುವವರೂ ಉಂಟು. ಕೇಳಲು ಇಂಪಾದ ಮಾತು. ಮೃಗಸೇನನೆಂಬ ಬೆಸ್ತನು ಮುನಿಗಳಿಂದ ವ್ರತ ಪಡೆದು, ಬಲೆಗೆ ಮೊದಲು ಬಿದ್ದ ಮೀನನ್ನು ಬಿಟ್ಟುಬಿಟ್ಟ ಕಥೆಯನ್ನು ಅವರು ಉದಾಹರಿಸುತ್ತಾರೆ. ಆದರೆ ಮೃಗಸೇನನು ಆ ಮೀನನ್ನು ಬಿಟ್ಟದ್ದು ಅದು ಹುಟ್ಟಿ ಬೆಳೆದ ನೀರಿಗೆ. ನಮ್ಮ ತೊಟ್ಟಿಯ ಮೀನುಗಳಲ್ಲಿ ಬಹುಪಾಲು ದೂರದೇಶದ ಜಾತಿಗಳು, ಸಾಕಣೆಯ ಕೊಳಗಳಲ್ಲಿ ಹುಟ್ಟಿದವು. ಹಾಗೆ ಬಿಟ್ಟ ಮೀನು ಅಲ್ಲಿ ಹಕ್ಕಿಯ ಬಾಯಿಗೆ ಬೀಳಬಹುದು, ಇಲ್ಲವೇ ಅಲ್ಲಿನ ಮೂಲನಿವಾಸಿಗಳಿಗೆ ಮೃತ್ಯುವಾಗಬಹುದು. 2018ರ ಮಹಾಪೂರದ ನಂತರ ಕೇರಳದ ಹೊಳೆಗಳಲ್ಲಿ ದಕ್ಷಿಣ ಅಮೆರಿಕದ ಅರಪೈಮಾ ಎಂಬ ಭಾರಿ ಮೀನು ಸಿಕ್ಕಿದುದು ವರದಿಯಾಯಿತು. ತೊಟ್ಟಿಗೆಂದು ತಂದ, ಮೈತುಂಬ ಗಟ್ಟಿ ಕವಚವುಳ್ಳ ಅಮೆರಿಕದ ಮೀನುಗಳು ಕೋಲ್ಕತ್ತಾದ ಪೂರ್ವಭಾಗದ ಜವುಗು ನೀರಿನಲ್ಲಿ ಹರಡಿಕೊಂಡಿವೆ. ಒಂದನ್ನು ಬಿಡಿಸಿ ಸಾವಿರವನ್ನು ಸಂಕಟಕ್ಕೀಡುಮಾಡುವುದು ಅಭಯದಾನವಲ್ಲ. ತನ್ನ ಕಣ್ಣಿನಿಂದ ಕಷ್ಟವನ್ನು ದೂರಮಾಡಿಕೊಳ್ಳುವುದು ಬೇರೆ, ಜೀವದಿಂದ ಕಷ್ಟವನ್ನು ದೂರಮಾಡುವುದು ಬೇರೆ.

ಆಹಾರದ ವಿಷಯವನ್ನು ಮರೆಮಾಚುವಂತಿಲ್ಲ. ಅಂಗಡಿಯವರು ಜೀವಂತ ಹುಳುಗಳನ್ನು ಮಾರುತ್ತಾರೆ. ಅದನ್ನು ಕೊಂಡುಹಾಕುವುದು ಸಂಕಲ್ಪೀ ಹಿಂಸೆಯೆಂಬುದರಲ್ಲಿ ಎರಡು ಮಾತಿಲ್ಲ. ಒಣಗಿಸಿದ ಗುಳಿಗೆಗಳಲ್ಲಿಯೂ ಸಾಮಾನ್ಯವಾಗಿ ಮೀನಿನ ಪುಡಿಯೋ ಸೀಗಡಿಯ ಪುಡಿಯೋ ಸೇರಿರುತ್ತದೆ. ಚಿನ್ನದ ಮೀನಿನಂತಹ ಜಾತಿಗಳು ಬೇಯಿಸಿ ಸಿಪ್ಪೆ ತೆಗೆದ ಹಸಿರು ಬಟಾಣಿಯನ್ನೂ ಸೊಪ್ಪನ್ನೂ ತಿನ್ನುತ್ತವೆ. ಪಾಚಿಯಿಂದ ಮಾಡಿದ ಆಹಾರವೂ ದೊರೆಯುತ್ತದೆ. ಮಾಂಸವಿಲ್ಲದೆ ಬದುಕಲಾರದ ಜಾತಿಯ ಮೀನು ಶ್ರಾವಕನ ಮನೆಗೆ ತಕ್ಕದ್ದೇ ಅಲ್ಲ. ಈಗಾಗಲೇ ಮನೆಯಲ್ಲಿದ್ದರೆ? ಉಪವಾಸ ಕೆಡವಿದರೆ ಅನ್ನಪಾನನಿರೋಧ, ಹುಳು ಹಾಕಿದರೆ ತ್ರಸಹಿಂಸೆ, ಬೇರೆಯವರಿಗೆ ಕೊಟ್ಟರೆ ಅಲ್ಲಿ ನಡೆಯುವುದಕ್ಕೆ ನಾವೇ ನಿಮಿತ್ತ. ದೋಷವಿಲ್ಲದ ದಾರಿ ಇಲ್ಲಿ ಇಲ್ಲ. ಕಟ್ಟಿದ ಮೇಲೆ ಬಿಡಿಸಲಾಗದ ಗಂಟುಗಳೂ ಉಂಟೆಂಬುದನ್ನು ಶ್ರಾವಕನು ಇದರಿಂದ ಕಲಿಯಬೇಕು. ಪರಿಗ್ರಹವನ್ನು ಬಂಧವೆಂದು ಆಚಾರ್ಯರು ಕರೆದದ್ದು ಅಲಂಕಾರಕ್ಕಾಗಿ ಅಲ್ಲ.

ಆಶ್ವೀಜ ಶುಕ್ಲ ಅಷ್ಟಮಿಯ ಜೀವದಯಾಷ್ಟಮಿಯಂದು ನಾವು ಯಶೋಧರನ ಕಥೆಯನ್ನು ಕೇಳುತ್ತೇವೆ. ಜನ್ನನು 1209ರಲ್ಲಿ ಕನ್ನಡದಲ್ಲಿ ಹೇಳಿದ ಆ ಕಥೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ರಾಜನು ಭವಭವಗಳಲ್ಲಿ ತೊಳಲುತ್ತಾ ಒಂದು ಜನ್ಮದಲ್ಲಿ ಮೀನಾಗಿಯೂ ಹುಟ್ಟಿ ಮನುಷ್ಯರ ಕೈಗೆ ಸಿಕ್ಕಿ ನೋಯುತ್ತಾನೆ. ಹಿಟ್ಟಿನ ಕೋಳಿಗೆ ಜೀವವಿರಲಿಲ್ಲ. ಆದರೂ ಸಂಕಲ್ಪ ಅವನನ್ನು ಬಿಡಲಿಲ್ಲ. ಭಾವದ ಬಲ ಅಂತಹುದು. ಅದೇ ನ್ಯಾಯದಿಂದ, ನೀರಿನ ವಿರಾಧನೆ ತಪ್ಪದ ಈ ಕೆಲಸದಲ್ಲಿಯೂ ಎಚ್ಚರದಿಂದ, ಅಗತ್ಯಕ್ಕೆ ಮೀರದಂತೆ, ದಯೆಯಿಂದ ತೊಡಗಿದವನ ಬಂಧವೂ ಉದಾಸೀನದಿಂದ ಕುಳಿತವನ ಬಂಧವೂ ಒಂದೇ ಆಗಲಾರದು. ಆದರೆ ಈ ಮಾತನ್ನು ಹೊಸ ಮೀನು ತರುವುದಕ್ಕೆ ನೆವವಾಗಿ ಬಳಸಿಕೊಳ್ಳಬಾರದು. ಅನಿವಾರ್ಯವಾದುದಕ್ಕೆ ಹೇಳಿದ ಸಮಾಧಾನ ಅನಾವಶ್ಯಕವಾದುದಕ್ಕೆ ಅನುಮತಿಯಾಗದು. ಕಣ್ಣಿನ ವಿನೋದಕ್ಕಾಗಿ ಜೀವಗಳನ್ನು ಕೂಡಿಹಾಕಿ, ನಿಷ್ಪ್ರಯೋಜನವಾಗಿ ನೀರನ್ನು ಚೆಲ್ಲುವುದು ಅನರ್ಥದಂಡದ ಪ್ರಮಾದಚರ್ಯೆಗೆ ತೀರ ಹತ್ತಿರದ ನೆಂಟ.

ಆದುದರಿಂದ ತೊಟ್ಟಿಯಿಲ್ಲದ ಮನೆಯವರು ಅದನ್ನು ತಾರದಿರುವ ನಿಯಮವನ್ನು ಇಂದೇ ಕೈಗೊಳ್ಳಲಿ. ಮಕ್ಕಳಿಗೆ ಮೀನನ್ನು ತೋರಿಸಬೇಕೆಂದರೆ ವರಂಗದ ಕೆರೆಬಸದಿಗೆ ದೋಣಿಯಲ್ಲಿ ಕರೆದೊಯ್ದು, ನೀರಿನ ನಡುವೆ ಜಿನಬಿಂಬದ ದರ್ಶನ ಮಾಡಿಸಿ, ಕೆರೆಯ ಜೀವಗಳು ತಮ್ಮ ನೆಲೆಯಲ್ಲಿ ಬಾಳುವುದನ್ನೂ ತೋರಿಸಲಿ. ತೊಟ್ಟಿಯುಳ್ಳವರು ಹೊಸ ಮೀನನ್ನು ಕೊಳ್ಳದೆ, ಇರುವವನ್ನು ಅವುಗಳ ಆಯುಷ್ಯದ ಕೊನೆಯವರೆಗೆ ಚೆನ್ನಾಗಿ ನೋಡಿಕೊಳ್ಳಲಿ. ಚಿನ್ನದ ಮೀನು ಹತ್ತು ವರ್ಷಕ್ಕೂ ಮೇಲ್ಪಟ್ಟು ಬದುಕಬಲ್ಲದು. ಅಷ್ಟು ವರ್ಷವೂ ವಾರಕ್ಕೊಂದು ಬಕೆಟ್ಟು ನೀರು ತಪ್ಪದು. ಆರಂಭತ್ಯಾಗದ ಪ್ರತಿಮೆಯನ್ನು ಏರಬೇಕೆಂದಿರುವ ಹಿರಿಯರು ಈ ಲೆಕ್ಕವನ್ನು ಈಗಲೇ ಹಾಕಿಕೊಳ್ಳುವುದು ಒಳ್ಳೆಯದು. ಕೊನೆಯ ಮೀನಿನ ಆಯುಷ್ಯ ಮುಗಿದ ದಿನ ತೊಟ್ಟಿಯನ್ನು ತೊಳೆದು ಬಿಸಿಲಿಗೆ ಒಣಗಿಸಿ ಅದರಲ್ಲಿ ಶಾಸ್ತ್ರಗ್ರಂಥಗಳನ್ನು ಜೋಡಿಸಿಡಬಹುದು. ಧೂಳು ತಾಗದು, ಗಾಜಿನ ಮೂಲಕ ಅವುಗಳ ಹೆಸರೂ ಕಾಣುತ್ತದೆ.